ಮುಚ್ಚಳದ ಸದ್ದು

ಬೈತಖೋಲ ಬಂದರಿನಲ್ಲಿ ಬೋಟು ಹತ್ತಿದ ಮೊದಲ ದಿನವೇ
ತಾಂಡೇಲರು ನನ್ನ ಅಂಗೈ ತಿರುಗಿಸಿ ನೋಡಿ
‘ಬಲೆ ಎಳೆಯುವ ಕೈಯಲ್ಲ ಇದು,
ಒಲೆ ಹಿಡಿಯಲಿ’ ಅಂದರು.
ಹದಿನೆಂಟಾಗಿತ್ತು ನನಗೆ. ಬೇಲೆಕೇರಿಯ ಮನೆಯಲ್ಲಿ
ಸ್ನಾನಕ್ಕೆ ನೀರು ಕಾಯಿಸುತ್ತಿದ್ದವಳೂ ಅಕ್ಕ.

ಒಲೆಯೆಂದರೆ ಚುಕ್ಕಾಣಿ ಕೋಣೆಯ ಹಿಂದೆ
ಎರಡು ಮೊಳ ಜಾಗ. ಗ್ಯಾಸಿನ ಸುತ್ತ ಕಬ್ಬಿಣದ ಕಟ್ಟು,
ಪಾತ್ರೆಯ ಕಿವಿಗೆ ತಂತಿ.
ಪಕ್ಕದಲ್ಲಿ ಐಸಿನ ಪೆಟ್ಟಿಗೆಯ ಮೇಲೆ
ಆರದ ಬೀಡಿಯಂಥ ಮನುಷ್ಯ, ರೋಹಿದಾಸ ಬಾನಾವಳಿ,
ಏಳು ಬೋಟುಗಳಿಗೆ ಅನ್ನ ಹಾಕಿದವ.

‘ಮೊದಲು ಕಡ್ಡಿ ಗೀರು, ಆಮೇಲೆ ಗ್ಯಾಸು ತಿರುಗಿಸು.
ಹಿಂದುಮುಂದು ಮಾಡಿದವನ ಹುಬ್ಬು ನೋಡಿದ್ದೀಯಾ?
ನಾನು ನೋಡಿದ್ದೇನೆ, ಕನ್ನಡಿಯಲ್ಲಿ.’

ಆ ಸಂಜೆ ಕುಚ್ಚಲಕ್ಕಿ.
ಎರಡು ಸಲ ತೊಳೆ, ಮೂರನೆಯದು ಬೇಡ,
ಸಮುದ್ರದಲ್ಲಿ ಸಿಹಿನೀರು ಚಿನ್ನ.
ಪಾತ್ರೆ ಅರ್ಧ ಖಾಲಿ ಇರಲಿ:
ಮನೆಯ ಒಲೆ ನಿಂತಿರುತ್ತದೆ, ಇದು ನಡೆಯುತ್ತದೆ.
ನೀರು ಕುದಿದ ಮೇಲೇ ಅಕ್ಕಿ.
ಕುದಿದದ್ದು ಹೇಗೆ ಗೊತ್ತಾಗುತ್ತದೆ ಎಂದೆ.
‘ಮೊದಲು ಇರುವೆ ನಡೆದ ಹಾಗೆ,
ಆಮೇಲೆ ಮರಳಿನಲ್ಲಿ ಏಡಿ ನಡೆದ ಹಾಗೆ,
ಆಮೇಲೆ ಮುಚ್ಚಳ ಮಾತಾಡುತ್ತದೆ. ಆಗ.’

ನಾನು ಎತ್ತೆತ್ತಿ ನೋಡಿದೆ.
ಕೈ ಮೇಲೊಂದು ಏಟು.
ಉಗಿ ಹೋದರೆ ಗ್ಯಾಸು ಹೋಯಿತು,
ಗ್ಯಾಸು ಹೋದರೆ ನಾಲ್ಕು ದಿನ ಅವಲಕ್ಕಿ.

ಆದರೂ ಮೊದಲ ಅನ್ನ ತಳ ಹಿಡಿಯಿತು.
ದೇವಗಡ ದ್ವೀಪದ ದೀಪ ನೋಡುತ್ತ ನಿಂತಿದ್ದೆ, ನೀರಾರಿತ್ತು.
ಹನ್ನೊಂದು ಮಂದಿ ಮಾತಿಲ್ಲದೆ ಉಂಡರು,
ಬೈದಿದ್ದರೆ ಚೆನ್ನಾಗಿತ್ತು.
ರೋಹಿದಾಸಣ್ಣ ಸೀದ ತಳವನ್ನೇ ಕೇಳಿ ಬಡಿಸಿಕೊಂಡ.
‘ವಾಸನೆ ನನಗೆ ಮೊದಲೇ ಬಂದಿತ್ತು, ಸುಮ್ಮನಿದ್ದೆ.
ಒಂದು ಸಲ ಸುಡಬೇಕು.’

ಮರುದಿನ ಬಂಗಡೆ.
ಹೊಟ್ಟೆ ಸೀಳಿ, ಬೆನ್ನೆಲುಬಿಗಂಟಿದ ಕಪ್ಪು ರಕ್ತ
ಉಗುರಿನಲ್ಲಿ ಕೆರೆ, ಕಹಿ ಅಲ್ಲೇ ಕೂತಿರುತ್ತದೆ.
ಮಸಾಲೆ ಅವನ ಹೆಂಡತಿ ರುಬ್ಬಿ ಕಳಿಸಿದ್ದು,
ಐಸಿನಲ್ಲಿ ಹೂತ ಡಬ್ಬಿ: ಕಾಯಿ, ಒಣಮೆಣಸು, ಕೊತ್ತಂಬರಿ.
ಅದರ ಹಸಿವಾಸನೆ ಹೋಗುವವರೆಗೆ ಮೀನು ಕಾಯಲಿ.
ಜುಮ್ಮಿನಕಾಯಿ ಜಜ್ಜಿದರೆ ಸಾಕು,
ಅರೆದರೆ ಜಗಳಕ್ಕೆ ಬರುತ್ತದೆ.
ಮುರುಗಲು ಸಿಪ್ಪೆ ನಾಲ್ಕು.
ಮೀನು ಬಿದ್ದ ಮೇಲೆ ಸೌಟು ಮುಟ್ಟಬಾರದು,
ಬಟ್ಟೆಯಲ್ಲಿ ಪಾತ್ರೆ ಹಿಡಿದು ಕುಲುಕಬೇಕು.
‘ಇವತ್ತು ಅದೂ ಬೇಡ,’ ಅಂದ. ‘ಅಲೆ ಕುಲುಕುತ್ತಿದೆ.’

ಹುರಿಯುವಾಗ ನನಗೆ ಅನುಮಾನ ಬಂತು.
ಕಾವಲಿಗೆ ಅಂಟಿದ ತುಂಡನ್ನು ಕೆದಕಹೊರಟಿದ್ದೆ,
ಅವನು ಬೆನ್ನು ತಿರುಗಿಸಿ ಕೂತಿದ್ದ.
‘ಬಿಡು. ಸದ್ದು ಇನ್ನೂ ಒದ್ದೆ ಇದೆ.
ಒಣಗಿದಾಗ ತಾನೇ ಬಿಡುತ್ತದೆ.’
ಬಿಟ್ಟಿತು.
ಬೀಡಿಗೆಂದು ಬೆಂಕಿಪೊಟ್ಟಣ ಚಾಚಿದೆ.
ಅವನ ಕೈ ಅದರ ಪಕ್ಕದ ಗಾಳಿಯನ್ನು ಹಿಡಿಯಿತು.

ಎರಡೂ ಕಣ್ಣಿಗೆ ಪೊರೆ.
ಯಾವಾಗಿನಿಂದ ಎಂದೆ. ಎರಡು ಮಳೆಗಾಲ ಎಂದ.
‘ತಾಂಡೇಲನಿಗೆ ಹೇಳಬೇಡ ತಮಾ.’

ಚುಕ್ಕಾಣಿಯ ಕಿಟಕಿಯಿಂದ ದನಿ ಬಂತು:
‘ಹೋದ ವರ್ಷ ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದಾಗಲೇ
ಗೊತ್ತಾಯಿತು ಮಾರಾಯಾ.
ಹುಡುಗನ ಕೈ ಬಲೆಗೇನೂ ಕಡಿಮೆಯಿಲ್ಲ.’

ರೋಹಿದಾಸಣ್ಣ ಬೀಡಿಯನ್ನು ಕಿವಿಗೆ ಸಿಕ್ಕಿಸಿದ,
ತೆಗೆದ, ಮತ್ತೆ ಸಿಕ್ಕಿಸಿದ.
ಬಹಳ ಹೊತ್ತಿನ ಮೇಲೆ,
‘ಉಪ್ಪು ಹಾಕಿದೆಯಾ?’
ಇಲ್ಲ.
‘ಹಾಕಿದ್ದನ್ನು ನೆನಪಿಡು. ಅಂಗೈಗೆ ಒಂದು ಹನಿ ಬಿಟ್ಟು ನೋಡು.
ಕಮ್ಮಿಯಾದರೆ ಸುತ್ತಲೂ ಉಪ್ಪೇ ಇದೆ,
ಹೆಚ್ಚಾದರೆ ಯಾರನ್ನು ಕೇಳುತ್ತೀ?’

ಅಷ್ಟರಲ್ಲಿ ಅನ್ನದ ಮುಚ್ಚಳ ಮಾತಾಡಿತು.
ಇಬ್ಬರೂ ಒಟ್ಟಿಗೇ ಕೈ ಚಾಚಿದೆವು.
ನನ್ನದು ಮೊದಲು ಮುಟ್ಟಿತು,
ಬಟ್ಟೆ ಹಿಡಿಯಲು ಮರೆತ ಬರಿಗೈ.